ಪೀಚೆಕತ್ತಿಗೊಂದು ಹೊಸ ಹಿಡಿ

ನಾನು ಹುಟ್ಟಿ ಬೆಳೆದದ್ದು ಯಲಹಂಕದ ಕಡೆ, ರೈತಾಪಿ ಮನೆಯಲ್ಲಿ. ಅಲ್ಲಿ ಕತ್ತಿ ಎಂಬ ಮಾತಿನ ಬಳಕೆಯೇ ಇರಲಿಲ್ಲ. ಹುಲ್ಲು ಕೊಯ್ಯಲು ಕುಡುಗೋಲು, ಎಳನೀರಿಗೆ ಮಚ್ಚು, ತರಕಾರಿಗೆ ಈಳಿಗೆಮಣೆ, ಪೆನ್ಸಿಲ್ಲಿಗೆ ಬ್ಲೇಡು. ಇಷ್ಟರಲ್ಲಿ ಸಂಸಾರ ನಡೆದುಹೋಗುತ್ತಿತ್ತು. ಕತ್ತಿ ಎಂದರೆ ಚರಿತ್ರೆಯ ಪುಸ್ತಕದ ಚಿತ್ರದಲ್ಲಿ ರಾಜರ ಸೊಂಟದಲ್ಲಿ ತೂಗುವ ವಸ್ತು. ಮುಂದೆ ಬಿ.ಎ., ಬಿ.ಎಡ್. ಮುಗಿಸಿ ನಾನೇ ಸಮಾಜ ಪಾಠ ಹೇಳುವ ಟೀಚರಾದ ಮೇಲೂ ನನ್ನ ಪಾಲಿಗೆ ಕತ್ತಿ ಆ ಪುಸ್ತಕದಲ್ಲೇ ಉಳಿಯಿತು. ಯಾರು ಯಾವ ಯುದ್ಧದಲ್ಲಿ ಕತ್ತಿ ಹಿಡಿದರು, ಯಾವ ಇಸವಿ, ಯಾರು ಗೆದ್ದರು, ಪರಿಣಾಮಗಳೇನು. ಐದು ಅಂಕದ ಪ್ರಶ್ನೆ. ಆ ಕತ್ತಿಯನ್ನು ಬಡಿದವನು ಯಾರು, ಅದರ ಹಿಡಿಗೆ ಮರ ಯಾವುದು ಎಂದು ಒಬ್ಬ ಮಗುವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

2023ರ ಜೂನ್ ತಿಂಗಳು. ಶಾಲೆ ಶುರುವಾಗಿ ಒಂದು ವಾರವಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಗಣಿತದ ಟೀಚರ್ ತಮ್ಮ ಚೀಲದಿಂದ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದು ಮೇಜಿನ ಮೇಲಿಟ್ಟರು. ಅವರು ಕೊಡಗಿನವರು. ಆರ್.ಟಿ. ನಗರದಲ್ಲಿ ಮನೆ ಮಾಡಿ ಮೂವತ್ತು ವರ್ಷವಾಗಿದೆ. (ಆ ಬಡಾವಣೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟು, ಕವಿಯನ್ನು ಎರಡಕ್ಷರಕ್ಕಿಳಿಸಿದ ಪುಣ್ಯ ನಮ್ಮ ಊರಿನದು.) ಯಜಮಾನರು ಸೈನ್ಯದಲ್ಲಿದ್ದು ನಿವೃತ್ತರಾಗಿದ್ದರು, ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು, ಹೆಬ್ಬಾಳದ ಆಚೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ.

“ಮಿಸ್, ನಿಮ್ಮ ಕಡೆ ಕಮ್ಮಾರರು ಇದ್ದಾರಲ್ಲ, ಇದನ್ನು ರಿಪೇರಿ ಮಾಡ್ತಾರಾ ನೋಡಿ” ಎಂದು ಗಂಟು ಬಿಚ್ಚಿದರು.

ಒಳಗಿದ್ದದ್ದು ಪೀಚೆಕತ್ತಿ. ಕೊಡವರ ಮದುವೆಯ ಚಿತ್ರಗಳನ್ನು ನೀವು ನೋಡಿರಬಹುದು. ಮದುಮಗ ಬಿಳಿಯ ಕುಪ್ಯ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಮುಂಭಾಗದಲ್ಲಿ ಒಂದು ಪುಟ್ಟ ಕತ್ತಿ ಸಿಕ್ಕಿಸಿಕೊಂಡಿರುತ್ತಾನೆ. ಅದೇ ಇದು. ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಕೂರುವ ಅಗಲ ಅಲಗಿನ, ಬಾಗಿದ ಕತ್ತಿ ಬೇರೆ, ಅದು ಒಡಿಕತ್ತಿ. ಮದುವೆಯಲ್ಲಿ ಬಾಳೆಯ ದಿಂಡು ಕಡಿದು ಗೌರವ ತೋರಿಸುವ ಬಾಳೆ ಬಿರುದು ಎಂಬ ಪದ್ಧತಿಗೆ ಬಳಸುವುದು ಆ ಒಡಿಕತ್ತಿಯನ್ನು. ಪೀಚೆಕತ್ತಿ ಹಾಗಲ್ಲ. ಅದು ಒಂದು ಗೇಣಿನಷ್ಟರದು, ನೇರ ಅಲಗು, ಒಂದೇ ಕಡೆ ಬಾಯಿ. ಒರೆಗೆ ಬೆಳ್ಳಿಯ ಕಟ್ಟು, ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಳಿ, ಆ ಸರಪಳಿಯ ತುದಿಯಲ್ಲಿ ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿ, ಉಗುರು ಕೆರೆಯುವ ಮೊನೆ. ನನಗೆ ನಗು ಬಂತು. ವೀರನ ಸೊಂಟದಲ್ಲಿ ಕಿವಿಗುಗ್ಗೆ ಕಡ್ಡಿ! ಆದರೆ ಯೋಚಿಸಿದರೆ ಕಾಡುಮೇಡು ಅಲೆಯುವವನಿಗೆ ಕಾಲಿನ ಮುಳ್ಳು ತೆಗೆಯುವ ಚಿಮುಟ ಕತ್ತಿಯಷ್ಟೇ ಮುಖ್ಯವಿರಬೇಕು.

ಕತ್ತಿಯ ಹಿಡಿ ಎರಡು ಸೀಳಾಗಿತ್ತು. ಹಿಡಿಯ ತುದಿಯಲ್ಲಿ ಗಿಣಿಯ ತಲೆ ಇರಬೇಕಾದ ಕಡೆ ಮುರಿದ ಮರದ ಮೊಂಡು ಮಾತ್ರ. ವಿದೇಶದ ಮ್ಯೂಸಿಯಮ್ಮುಗಳು ಈ ಜಾತಿಯ ಕತ್ತಿಗಳಿಗೆ ಪಿಚಂಗತ್ತಿ ಎಂಬ ತಮಿಳು ಹೆಸರು ಬರೆದು ಗಾಜಿನೊಳಗಿಟ್ಟಿವೆ. ಟೀಚರ ಮಗಳು ಅವುಗಳ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದಳು. ಕೆಲವಕ್ಕೆ ದಂತದ ಹಿಡಿ, ಕೆಲವಕ್ಕೆ ಕೊಂಬಿನದು, ಕೆಲವಕ್ಕೆ ಬೆಳ್ಳಿ. ಹೆಚ್ಚಿನವುಗಳ ತುದಿಯಲ್ಲಿ ಕೊಕ್ಕು ಬಗ್ಗಿಸಿ ಕೂತ ಗಿಣಿ. ಸಿಂಹಳದಲ್ಲಿ ಇದರ ದಾಯಾದಿ ಒಂದಿದೆ, ಪಿಹ ಕೆಟ್ಟ ಎಂದು ಹೆಸರು. ಆನಂದ ಕುಮಾರಸ್ವಾಮಿಯವರು 1908ರಲ್ಲಿ ಸಿಂಹಳದ ಮಧ್ಯಕಾಲದ ಕಲೆಯ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಅಲ್ಲಿನ ಕುಶಲಕರ್ಮಿಗಳಿಗೆ ಸಿಕ್ಕ ಗೌರವ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಕೊಡಗಿನಲ್ಲಿ ಮರ, ಕಬ್ಬಿಣ, ಬೆಳ್ಳಿಯ ಕೆಲಸ ಮಾಡುತ್ತ ಬಂದವರು ಐರಿ ಜನ. ಅವರೂ ಕೊಡವ ಭಾಷೆಯನ್ನೇ ಆಡುವವರು. ಕೊಡಗಿನ ಶೌರ್ಯದ ಬಗ್ಗೆ ನಾನು ಓದಿದ ಪುಟಗಳಿಗೆ ಲೆಕ್ಕವಿಲ್ಲ. ಐರಿಗಳ ಬಗ್ಗೆ ಓದಿದ್ದು ಒಟ್ಟು ಸೇರಿಸಿದರೆ ಅಂಗೈಯಗಲವಾಗಲಿಕ್ಕಿಲ್ಲ.

“ಊರಿನಲ್ಲೇ ಮಾಡಿಸಬಹುದಿತ್ತಲ್ಲ ಮಿಸ್?” ಎಂದೆ.

ಆಗ ಅವರು ವಿಷಯ ಹೇಳಿದರು. ಯಜಮಾನರ ಅಣ್ಣ, ಅಂದರೆ ಅವರ ಭಾವ, ಕತ್ತಿಯನ್ನು ಐನ್‌ಮನೆಗೆ ತಂದೊಪ್ಪಿಸಿ ಎಂದು ಹೇಳಿಕಳಿಸಿದ್ದರಂತೆ. ಕೊಡವರಲ್ಲಿ ಒಂದೇ ಮೂಲಪುರುಷನ ಸಂತಾನವೆಲ್ಲ ಸೇರಿ ಒಂದು ಒಕ್ಕ. ಗಂಡುಮಕ್ಕಳಿಂದ ಒಕ್ಕ ಮುಂದುವರಿಯುತ್ತದೆ, ಹೆಣ್ಣು ಮದುವೆಯಾಗಿ ಗಂಡನ ಒಕ್ಕಕ್ಕೆ ಸೇರುತ್ತಾಳೆ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದ್ದಾರೆ, ಬಿ.ಎ.ಯಲ್ಲಿ ನಾನು ಅದನ್ನು ಪರೀಕ್ಷೆಗೆಂದು ಓದಿ ಮರೆತವಳು. ಈಗ ಅದು ಸ್ಟಾಫ್ ರೂಮಿನಲ್ಲಿ ಒಬ್ಬ ಹೆಂಗಸಿನ ಕಣ್ಣೀರಾಗಿ ಎದುರು ಕೂತಿತ್ತು. ಗಂಡುಮಗುವಿಲ್ಲದ ಮನೆಯಲ್ಲಿ ಕತ್ತಿಗೇನು ಕೆಲಸ ಎಂದು ಯಾರೋ ಅಂದರಂತೆ. ಭಾವನವರೇ ಅಂದರೋ, ಅವರ ಹೆಸರಿನಲ್ಲಿ ಇನ್ನೊಬ್ಬರೋ, ನಾನು ಕೇಳಲಿಲ್ಲ.

“ಹೆಂಗಸರಿಗೆ ಪೀಚೆಕತ್ತಿ ಅಂದ್ರೆ ಇದು” ಎಂದು ತಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ಬ್ರೂಚನ್ನು ಮುಟ್ಟಿ ತೋರಿಸಿದರು. ಅಷ್ಟು ವರ್ಷ ದಿನಾ ನೋಡಿದ್ದೆ, ಅದು ಚಿನ್ನದ ಪುಟ್ಟ ಪೀಚೆಕತ್ತಿ ಎಂದು ನನಗೆ ಹೊಳೆದಿರಲಿಲ್ಲ. “ನಾನು ಇದನ್ನು ಸರಿ ಮಾಡಿಸಿ ಮಗಳಿಗೇ ಕೊಡ್ತೀನಿ. ಮುರಿದದ್ದನ್ನು ಕೊಟ್ಟರೆ, ಮೂಲೆಯಲ್ಲಿದ್ದದ್ದನ್ನು ಕೊಟ್ಟರು ಅಂತ ಆಗುತ್ತೆ.”

ಆ ರಾತ್ರಿ ನನಗೂ ಕುತೂಹಲ ಹತ್ತಿತು. ಈ ಜನಕ್ಕೆ ಕತ್ತಿ, ಕೋವಿಯ ಮೇಲೆ ಇಷ್ಟು ಅಭಿಮಾನ ಹೇಗೆ ಬಂತು ಎಂದು ಮನೆಯಲ್ಲಿದ್ದ ಪುಸ್ತಕಗಳನ್ನು ಕೆದಕಿದೆ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಹಿಡಿಯಿತು. ಮೂರು ವರ್ಷಕ್ಕೆ, 1837ರಲ್ಲಿ, ಸುಳ್ಯದ ಕಡೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೂ ಹೋದರು. ಅದನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಹೊಡೆಸಿ ಕೊಟ್ಟಿತು. ಪದಕದ ಒಂದು ಮುಖದಲ್ಲಿ ಬಲಗೈಯಲ್ಲಿ ಕತ್ತಿ ಎತ್ತಿದ ಕೊಡಗಿನ ಯೋಧ. ಸುತ್ತಲೂ ಬರಹ, ಅದೂ ಕನ್ನಡದಲ್ಲಿ. ಕನ್ನಡದ ರೈತರನ್ನು ಬಗ್ಗುಬಡಿದದ್ದಕ್ಕೆ ಕನ್ನಡದಲ್ಲೇ ಬಹುಮಾನ. ಕತ್ತಿಯ ಮರ್ಯಾದೆ ಎಲ್ಲೆಲ್ಲಿ ಹೋಗಿ ಕೂರುತ್ತದೆ ನೋಡಿ.

1861ರಲ್ಲಿ, ದೇಶದಲ್ಲೆಲ್ಲ ಜನರ ಆಯುಧ ಕಸಿಯುವ ಕಾಲದಲ್ಲಿ, ಬೆಂಗಳೂರಿನಲ್ಲಿ ಕೂತು ಮೈಸೂರು, ಕೊಡಗು ಎರಡನ್ನೂ ಆಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟ. ನಮ್ಮ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯಲ್ಲೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನನ್ನ ಗಮನ ಸೆಳೆದದ್ದು ಬೇರೆ. ಈ ವಿನಾಯಿತಿ ಇರುವುದು ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿಗೆ, ಜಮ್ಮಾ ಹಿಡುವಳಿಯ ಪ್ರತಿಯೊಬ್ಬರಿಗೆ. ಗಂಡಸು ಎಂದಿಲ್ಲ. ಮಾರನೆಯ ದಿನ ಇದನ್ನು ಗಣಿತದ ಟೀಚರಿಗೆ ಹೇಳಿದೆ. “ಸರ್ಕಾರಕ್ಕೆ ಗೊತ್ತಾದದ್ದು ನಮ್ಮ ಭಾವನಿಗೆ ಗೊತ್ತಾಗಬೇಕಲ್ಲ ಮಿಸ್” ಎಂದು ಮೊದಲ ಸಲ ನಕ್ಕರು.

ಮೊದಲು ಪೇಟೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಕತ್ತಿಯನ್ನು ಎರಡು ಬೆರಳಿನಲ್ಲಿ ಎತ್ತಿ, “ಬಿಳೀ ಪ್ಲಾಸ್ಟಿಕ್ ಹಿಡಿ ಹಾಕಿಸಿಕೊಡ್ತೀನಿ, ದಂತದ ಥರಾನೇ ಕಾಣುತ್ತೆ” ಎಂದ. ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಂತುಹೋಗಿದೆ. 1972ರ ವನ್ಯಜೀವಿ ಕಾಯಿದೆಗೆ 1986ರಲ್ಲಿ ತಿದ್ದುಪಡಿಯಾಗಿ ನಮ್ಮ ಆನೆಯ ದಂತ ಮಾರುವುದು ನಿಂತಿತು, 1991ರಲ್ಲಿ ಆಫ್ರಿಕದ ದಂತವೂ ನಿಂತಿತು. ಒಳ್ಳೆಯದೇ ಆಯಿತು. ಆದರೆ ದಂತ ಹೋದ ಜಾಗಕ್ಕೆ ಮರ ಬರುವ ಬದಲು ಪ್ಲಾಸ್ಟಿಕ್ ಬಂದು ಕೂತಿದೆ. ಟೀಚರು ಕತ್ತಿಯನ್ನು ಕಿತ್ತುಕೊಂಡಂತೆ ವಾಪಸು ತೆಗೆದುಕೊಂಡರು. “ಇದರದ್ದು ಮೊದಲಿಂದಲೂ ಮರದ ಹಿಡಿ. ನಾವು ದಂತ ಇದ್ದೋರೂ ಅಲ್ಲ, ಇದ್ದ ಹಾಗೆ ತೋರಿಸಿಕೊಳ್ಳೋರೂ ಅಲ್ಲ.”

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಯಲಹಂಕದ ಬಸ್ಸು ಹತ್ತಿದೆವು. ಕತ್ತಿಯನ್ನು ಊಟದ ಬ್ಯಾಗಿನಲ್ಲಿ, ಡಬ್ಬಿಯ ಕೆಳಗಿಟ್ಟಿದ್ದೆವು. ಕಂಡಕ್ಟರ್ ಹತ್ತಿರ ಬಂದಾಗೆಲ್ಲ ಇಬ್ಬರ ಕೈಯೂ ಬ್ಯಾಗಿನ ಮೇಲೆ. ಹೆಬ್ಬಾಳದ ಮೇಲುಸೇತುವೆಯ ಮೇಲೆ ಬಸ್ಸು ಎಂದಿನಂತೆ ನಿಂತಿತು. ಅಲ್ಲೇ ಕೆಳಗೆ, ಹೆಬ್ಬಾಳದ ಹಳೆಯ ಊರಿನಲ್ಲಿ, 2018ರಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತ್ತು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬವನು ಊರ ಮೇಲೆ ಬಿದ್ದವರೊಡನೆ ಕಾದಾಡಿ ಸತ್ತದ್ದನ್ನು ಹೇಳುವ ಕಲ್ಲು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದೇ ಹಳೆಯದೆನ್ನುತ್ತಾರೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪಾಠ ಮಾಡಿದ್ದೇನೆ. ಕಿತ್ತಯ್ಯನ ಹೆಸರು ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಮಣ್ಣಿನಡಿಯಿದ್ದರೂ ಉಳಿದು ಬಂತು. ಅವನ ಕೈಗೆ ಆಯುಧ ಮಾಡಿಕೊಟ್ಟ ಕಮ್ಮಾರನೂ ಆಸುಪಾಸಿನ ಊರಿನವನೇ ಇದ್ದಿರಬೇಕು. ಈ ಮಾತು ಅಂದು, ಬಸ್ಸಿನಲ್ಲಿ ಕತ್ತಿ ತೊಡೆಯ ಮೇಲಿದ್ದಾಗ ಹೊಳೆಯಿತು. ಮಕ್ಕಳೆದುರು ಹೊಳೆದಿರಲಿಲ್ಲ.

ಆಚಾರ್ರ ಕುಲುಮೆ ಯಲಹಂಕದ ಹಳೆಯ ಊರಿನ ಅಂಚಿನಲ್ಲಿದೆ. ಮೊದಲು ಊರಾಚೆಗಿತ್ತು, ಈಗ ಮೂರು ಕಡೆ ಅಪಾರ್ಟ್‌ಮೆಂಟು. ತಿದಿಯ ಜಾಗದಲ್ಲಿ ಕರೆಂಟಿನ ಬ್ಲೋಯರು ಬಂದಿದೆ. ಅಡಿಗಲ್ಲು, ಸುತ್ತಿಗೆ, ಇಕ್ಕಳ ಮಾತ್ರ ಅವರ ತಂದೆಯ ಕಾಲದ್ದು. ನಮ್ಮಪ್ಪನ ನೇಗಿಲ ಗುಳ ಹರಿತ ಮಾಡಿಕೊಡುತ್ತಿದ್ದದ್ದು ಆ ತಂದೆಯೇ. ಈಗ ನೇಗಿಲಿಲ್ಲ, ಯಶವಂತಪುರದ ಮಾರುಕಟ್ಟೆಯವರ ಮಚ್ಚು, ಎಳನೀರಿನವರ ಮಚ್ಚು, ಕಟ್ಟಡದವರ ಉಳಿ, ಹಾರೆ, ಅದರಲ್ಲೇ ಜೀವನ. ಪಕ್ಕದ ಶೆಡ್ಡಿನಲ್ಲಿ ಅವರ ತಮ್ಮ ಮರಗೆಲಸ ಮಾಡುತ್ತಾರೆ, ಬಾಗಿಲು, ವಾಸಕಲ್ಲುಗಳಿಗೆ ಕೆತ್ತನೆ.

ಆಚಾರ್ರು ಪೀಚೆಕತ್ತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. ಹಿಡಿ ಸೀಳಿದ್ದು ಪೆಟ್ಟು ಬಿದ್ದಲ್ಲ ಎಂದರು. ಅಲಗಿನ ಬಾಲ ಹಿಡಿಯೊಳಗೆ ಹೋಗಿರುತ್ತದಲ್ಲ, ಕೊಡಗಿನ ಮಳೆಯ ತೇವಕ್ಕೆ ಅದು ಒಳಗೊಳಗೇ ತುಕ್ಕು ಹಿಡಿದು ಊದಿಕೊಂಡಿದೆ. ಊದಿದ ಕಬ್ಬಿಣ ಮರವನ್ನು ಸೀಳಿದೆ. ಹೊರಗೆ ಯಾರಿಗೂ ಕಾಣದು.

“ಹಿಡಿ ಮಾಡೋದು ದೊಡ್ಡದಲ್ಲ ಟೀಚರಮ್ಮ. ಆದ್ರೆ ಇದು ಒಬ್ರ ಮನೆ ದೇವ್ರಿದ್ದಂಗೆ. ಮೊದ್ಲು ಬ್ಯಾರೆ ಒಂದು ಚಾಕು ಮಾಡಿ ಅದ್ರ ಮ್ಯಾಲೆ ಕೈ ನೋಡ್ಕಂತೀವಿ. ಸರಿ ಬಂದ್ರೆ ಇದನ್ನ ಮುಟ್ತೀವಿ.”

ಹೀಗೆ ನನ್ನ ಅಡುಗೆಮನೆಗೊಂದು ಚಾಕು ಹುಟ್ಟಿತು. ಮುಂದಿನ ಮೂರು ಶನಿವಾರ ನಾನು ಅಲ್ಲಿ ಹೋಗಿ ಕೂತು ನೋಡಿದೆ. ಲಾರಿಯ ಸ್ಪ್ರಿಂಗ್ ಪಟ್ಟಿಯ ಒಂದು ತುಂಡನ್ನು ಕೆಂಡದಲ್ಲಿ ಕಾಯಿಸಿ ಬಡಿದರು. ಒಂದೇ ಸಲಕ್ಕಲ್ಲ, ಕಾಯಿಸಿ, ಬಡಿದು, ಬಣ್ಣ ಇಳಿಯುತ್ತಲೇ ಮತ್ತೆ ಕೆಂಡಕ್ಕೆ. ತಣ್ಣಗಾದದ್ದನ್ನು ಬಡಿದರೆ ಒಳಗೆ ಬಿರುಕು ಬಿಡುತ್ತದಂತೆ. ಚಾಕುವಿನ ಆಕಾರ ಬಂದ ಮೇಲೆ ಅರದಿಂದ ಉಜ್ಜಿದರು. ಆಮೇಲೆ ಹದ ಹಾಕುವ ಕೆಲಸ. ಕೆಂಪಗೆ ಕಾದ ಅಲಗಿನ ಬಾಯಿಯ ಭಾಗವನ್ನು ಎಣ್ಣೆಯಲ್ಲಿ ಅದ್ದಿದರು, ಬೆನ್ನು ಮೇಲೆಯೇ ಉಳಿಯಿತು. ಹಾಗೆ ಅದ್ದಿದ ಉಕ್ಕು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಬಿದ್ದರೆ ಚೂರು. ಅದಕ್ಕೆ ಮತ್ತೆ ಉಜ್ಜಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ದೂರ ಹಿಡಿದು ಕಾಯುತ್ತ ಕೂತರು. ಬಿಳಿಯ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ ಹರಿಯಿತು, ಆಮೇಲೆ ಜೇನಿನ ಬಣ್ಣ. ಇನ್ನು ಸ್ವಲ್ಪ ಬಿಟ್ಟರೆ ನೇರಳೆ, ಆಮೇಲೆ ನೀಲಿ. ಜೇನಿನ ಬಣ್ಣಕ್ಕೆ ತಟ್ಟನೆ ತೆಗೆದು ತಣ್ಣಗೆ ಮಾಡಿದರು. “ನೀಲಿಗೆ ಬಿಟ್ರೆ ಸ್ಪ್ರಿಂಗ್ ಆಯ್ತದೆ, ಚಾಕು ಆಗಲ್ಲ.” ಥರ್ಮಾಮೀಟರಿಲ್ಲ, ಗಡಿಯಾರವಿಲ್ಲ. ಸಾರಿನ ಒಗ್ಗರಣೆಯಲ್ಲಿ ಸಾಸಿವೆ ಸಿಡಿದು ಬೆಳ್ಳುಳ್ಳಿ ಕೆಂಪಾಗುವ ಗಳಿಗೆಯನ್ನು ನಾವು ಹಿಡಿಯುವುದೂ ಹೀಗೇ ತಾನೆ.

“ಉಕ್ಕು ಅಂದ್ರೆ ಈಗ ಲಾರಿ ಟೀಚರಮ್ಮ” ಎಂದು ಆಚಾರ್ರು ನಕ್ಕರು. ಆ ಮಾತಿಗೆ ನನಗೆ ಬುಕಾನನ್ ನೆನಪಾದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಮೈಸೂರು ಸೀಮೆಯ ಸಮೀಕ್ಷೆಗೆ ಕಳಿಸಿತು. ಅವನು ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಮಾಗಡಿಯ ಸುತ್ತಮುತ್ತ ಕಬ್ಬಿಣ ಕರಗಿಸುವುದನ್ನೂ, ಈ ಸೀಮೆಯಲ್ಲಿ ಉಕ್ಕು ಮಾಡುವುದನ್ನೂ ಅವನು ಅಡುಗೆಯ ಪುಸ್ತಕದಷ್ಟು ವಿವರವಾಗಿ ಬರೆದಿದ್ದಾನೆ. ಜೇಡಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜತೆಗೆ ತಂಗಡಿಯ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿಟ್ಟು ಉರಿ ಹಾಕುವುದು. ತಂಗಡಿ ಎಂದರೆ ನಮ್ಮ ಬೀಳು ಹೊಲಗಳಲ್ಲಿ ಹಳದಿ ಹೂ ಬಿಡುವ ಆ ಪೊದೆಯೇ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಅದು ದೂರದೂರಕ್ಕೆ ಹೋಗುತ್ತಿತ್ತೆಂದೂ ಅವನೇ ಹೇಳಿದ್ದಾನೆ.

ಈ ಉಕ್ಕೇ ವೂಟ್ಸ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಯಿತು. ಉಕ್ಕು ಎಂಬ ನಮ್ಮ ಮಾತೇ ಹಾಗೆ ಕೆಟ್ಟಿತೆಂದು ಬಹಳ ಜನ ವಿದ್ವಾಂಸರ ಅಭಿಪ್ರಾಯ. 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದರು. ಅಲ್ಲಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಇದರಿಂದ ಅಲಗು ಮಾಡಿ ನೋಡಿ, ಇಂಥ ಉಕ್ಕಿಲ್ಲ ಎಂದು ಸಾರಿದ. ಅವನ ಜತೆ ಸೇರಿ 1819ರ ಸುಮಾರಿನಿಂದ ಈ ಉಕ್ಕಿನ ಗುಟ್ಟು ಒಡೆಯಲು ಹೊರಟ ಯುವಕ ಯಾರು ಗೊತ್ತೆ? ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಬರುವ ಫ್ಯಾರಡೆಯೇ. ಕಮ್ಮಾರನ ಮಗ. ಆಚಾರ್ರಿಗೆ ಇದನ್ನು ಹೇಳಿದೆ. ಅವರಿಗೆ ವಿದ್ಯುತ್ತಿನ ಭಾಗ ರುಚಿಸಲಿಲ್ಲ, “ಕಮ್ಮಾರ್‍ನ ಮಗಾನಾ?” ಎಂದು ಎರಡು ಸಲ ಕೇಳಿದರು. ಇಂಗ್ಲೆಂಡಿ‌ನಿಂದ ಅಗ್ಗದ ಉಕ್ಕು ಹಡಗಿನಲ್ಲಿ ಬಂದಿಳಿಯತೊಡಗಿದ ಮೇಲೆ ನಮ್ಮ ಮೂಸೆಗಳು ಒಂದೊಂದೇ ಆರಿಹೋದವು.

ಕುಲುಮೆಯೆದುರು ಕೂತಾಗ ನನಗೆ ನೆನಪಾದದ್ದು ಇನ್ನೊಂದಿದೆ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ನಮ್ಮ ಮೊರಸು ಒಕ್ಕಲಿಗರ ಕೆಲವು ಮನೆತನಗಳಲ್ಲಿ ಹಿಂದೆ ಹೆಂಗಸರು ದೇವರಿಗೆ ಬೆರಳು ಕೊಡುತ್ತಿದ್ದರು. ಹಿರಿಯ ಮಗಳ ಕಿವಿ ಚುಚ್ಚಿಸುವ ಮುಂಚೆ ತಾಯಿ ತನ್ನ ಉಂಗುರದ ಬೆರಳು, ಕಿರುಬೆರಳುಗಳ ತುದಿಯ ಗೆಣ್ಣು ಕಡಿಸಿಕೊಳ್ಳಬೇಕು. ಉಳಿ ಇಟ್ಟು ಒಂದೇ ಏಟಿಗೆ ಕಡಿಯುತ್ತಿದ್ದವನು ಊರ ಕಮ್ಮಾರ, ಅದಕ್ಕೆ ಕೂಲಿಯೂ ಗೊತ್ತಾಗಿತ್ತು. ಯಲಹಂಕದ ಕೆಂಪೇಗೌಡರು ಇದನ್ನು ನಿಲ್ಲಿಸಿದರೆಂದು ನಮ್ಮಲ್ಲಿ ಹೇಳುತ್ತಾರೆ. ಆದರೂ ಅದು ಎಲ್ಲ ಕಡೆ ನಿಂತಂತೆ ಕಾಣುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಮತ್ತೆ ನಿಷೇಧಿಸಬೇಕಾಯಿತು. ಆಮೇಲೆ ಬೆರಳಿಗೆ ಚಿನ್ನದ ತಗಡು ಸುತ್ತಿ, ಅದನ್ನು ಕಳಚಿ ಹರಕೆ ತೀರಿಸುತ್ತಿದ್ದರಂತೆ. ನಮ್ಮಜ್ಜಿ ಇದನ್ನು ಹೇಳುವಾಗ ತಮ್ಮ ಎರಡು ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಳ್ಳುತ್ತಿದ್ದರು. ಗಂಡುಮಗುವಿಲ್ಲದ ಮನೆಯಲ್ಲಿ ಕತ್ತಿಗೇನು ಕೆಲಸ ಎಂಬ ಮಾತು ಕೇಳಿದಾಗಿನಿಂದ ನನಗೆ ಆ ಮುಚ್ಚಿದ ಕೈ ಕಣ್ಣೆದುರು ಬರುತ್ತಿತ್ತು. ಕಬ್ಬಿಣದ ಬಾಯಿಗೆ ಹೆಂಗಸರ ಬೆರಳು ಆಗಬಹುದು, ಕಬ್ಬಿಣದ ಹಿಡಿ ಹೆಂಗಸರ ಬೆರಳಿಗೆ ಆಗಬಾರದು. ಗಣಿತದ ಟೀಚರಿಗೆ ಇದನ್ನು ನಾನು ಹೇಳಲಿಲ್ಲ. ಈಗ ಇಲ್ಲಿ ಓದುತ್ತಾರೆ.

ಇನ್ನು ಮರ. ಹಿಡಿಗೆ ಬೀಟೆಯೇ ಆಗಬೇಕೆಂದರು ತಮ್ಮ ಆಚಾರ್ರು. ಬೀಟೆ ಸುಮ್ಮನೆ ಸಿಗುವ ಮರವಲ್ಲ. ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ; 2017ರಿಂದ ಆ ಜಾತಿಯ ಮರಗಳನ್ನು ದೇಶದೇಶಗಳ ನಡುವೆ ಸಾಗಿಸಲೂ ಕಟ್ಟುಪಾಡಿದೆ. ನಮ್ಮ ಅಟ್ಟದ ಮೇಲೆ ತಾತನ ಆರಾಮ ಕುರ್ಚಿ ಮುರಿದು ಬಿದ್ದಿತ್ತು. ಅದರ ಉದ್ದನೆಯ ಒಂದು ಕೈಯನ್ನು ಕೊಂಡೊಯ್ದೆ. ತಾತ ಅದರ ಮೇಲೆ ಕಾಲು ಚಾಚಿ ಮಲಗಿ ಮನೆಯ ಹೆಂಗಸರಿಗೆಲ್ಲ ಹುಕುಂ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಗರಗಸ ಹಾಕಿದಾಗ ಅಷ್ಟು ಹಳೆಯ ಮರದಿಂದ ಸಿಹಿಯಾದ ವಾಸನೆ ಬಂತು, ಹಿಂದೆಯೇ ನನಗೆ ಸೀನು. ಒಳಗಿನ ಬಣ್ಣ ನೇರಳೆ ಬೆರೆತ ಕಪ್ಪು, ನಡುವೆ ಕಂದು ಗೆರೆಗಳು.

ಮೊದಲು ನನ್ನ ಚಾಕುವಿಗೆ ಹಿಡಿ. ಬೈರಿಗೆಯಿಂದ ಸಣ್ಣ ತೂತು ಕೊರೆದು, ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಮಾತ್ರ ಕೆಂಪಗೆ ಕಾಯಿಸಿ ತೂತಿಗಿಳಿಸಿದರು. ಚುಂಯ್ ಎಂದು ಹೊಗೆಯೆದ್ದು, ಕಬ್ಬಿಣ ಮರದೊಳಗೆ ತನ್ನ ಅಳತೆಯ ಮನೆಯನ್ನು ತಾನೇ ಸುಟ್ಟುಕೊಂಡಿತು. ಹೊರತೆಗೆದು ತಣಿಸಿ, ಅರಗಿಗೆ ಇಟ್ಟಿಗೆಯ ನುಣ್ಣನೆ ಪುಡಿ ಬೆರೆಸಿ ಕರಗಿಸಿ ತೂತಿಗೆ ತುಂಬಿ, ಅಲಗನ್ನು ಮತ್ತೆ ಕೂರಿಸಿದರು. ಬಾಯಿಗೊಂದು ಹಿತ್ತಾಳೆಯ ಬಳೆ. ಒಂದು ದಿನ ಬಿಟ್ಟು ಅಲ್ಲಾಡಿಸಿ ನೋಡಿದರೆ ಅಲಗು ಮರದಲ್ಲೇ ಹುಟ್ಟಿದ ಹಾಗಿತ್ತು.

ಆಮೇಲೆ ಪೀಚೆಕತ್ತಿ. ಹಳೆಯ ಹಿಡಿಯ ಚೂರುಗಳನ್ನು ಬಿಸಿ ಮಾಡಿ ಬಿಡಿಸಿದರೆ ಒಳಗೆ ಅದೇ ಅರಗು, ಅದೇ ಇಟ್ಟಿಗೆ ಪುಡಿ. ಯಲಹಂಕದ ಆಚಾರ್ರು ಕೊಡಗಿನ ಆ ಹೆಸರಿಲ್ಲದ ಐರಿಯ ಕೆಲಸವನ್ನು ಬೆರಳಿನಿಂದ ಕೆರೆದು ಮೂಸಿ, “ನಮ್ ಕೈಯೇ” ಎಂದರು. ಬಾಲದ ತುಕ್ಕನ್ನು ಅರದಿಂದ ಕೆರೆದು ಎಣ್ಣೆ ಸವರಿದರು. ಗಿಣಿಯ ಅಳತೆಗೆ ಟೀಚರ ಮದುವೆಯ ಫೋಟೋ ಇತ್ತು. ಅದರಲ್ಲಿ ಅರ್ಧ ಗಿಣಿ ಚೇಲೆಯ ಮಡಿಕೆಯೊಳಗೆ, ಇನ್ನರ್ಧ ಮದುಮಗನ ಕೈಯ ಕೆಳಗೆ. “ಗಿಣಿಗೇನು ಫೋಟ ಬ್ಯಾಡ, ಐವತ್ತು ವಾಸ್ಕಲ್ಗೆ ಕೆತ್ತಿವ್ನಿ” ಎಂದರು ತಮ್ಮ. ಹಾಗೆಂದವರು ಕೊಕ್ಕಿನ ಬಾಗಿಗೆ ಎರಡು ದಿನ ತೆಗೆದುಕೊಂಡರು. ಬಾಗಿಲ ಗಿಣಿಗೆ ಯಾರ ಕೈಯೂ ತಾಗುವುದಿಲ್ಲ; ಈ ಗಿಣಿಯ ಕೊಕ್ಕು ಕಿರುಬೆರಳಿಗೆ ಒರಗಬೇಕು, ಚುಚ್ಚಬಾರದು. ಯಾರ ಕಿರುಬೆರಳು ಎಂದು ಅವರು ಕೇಳಿದರು. ಟೀಚರು ಮಗಳನ್ನೇ ಕರೆತಂದರು. ಅವಳು ಹಿಡಿದು ನೋಡುವುದು, ಅವರು ಒಂದಿಷ್ಟು ತೆಗೆಯುವುದು, ಮತ್ತೆ ಹಿಡಿಯುವುದು. ಅರ, ಆಮೇಲೆ ಉಪ್ಪುಕಾಗದ, ಕೊನೆಗೆ ಒಡೆದ ಗಾಜಿನ ಚೂರಿನಿಂದ ನವಿರಾಗಿ ಹೆರೆದು ಅಗಸೆ ಎಣ್ಣೆ ತಿಕ್ಕಿದರು. ಅಪ್ಪನ ಕೈಗಿದ್ದ ಹಿಡಿಗಿಂತ ಇದು ಒಂದು ನೂಲು ಸಣ್ಣದಾಯಿತು.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಬಂತು. ನಾಟಿಯ ಕೆಲಸ ಮುಗಿದ ಮೇಲೆ ಕೊಡವರು ಆಯುಧಗಳನ್ನು ದೀಪದ ಮುಂದಿಟ್ಟು ಪೂಜಿಸುವ ಹಬ್ಬ. ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ಬೆಂಕಿಯ ನಾಲಗೆಯಂಥ ಕೆಂಪು ಹಳದಿಯ ಆ ಹೂವಿಗೆ ಕೋವಿಯದೇ ಹೆಸರು. ತಾಯಿ ಮಗಳು ಐನ್‌ಮನೆಗೆ ಹೋದರು. ಮುಂದಿನದು ಟೀಚರು ಸೋಮವಾರ ನನಗೆ ಹೇಳಿದ್ದು.

ಕತ್ತಿಯನ್ನು ದೀಪದ ಮುಂದೆ ಇಟ್ಟವಳು ಮಗಳು. ಭಾವನವರು ಪೂಜೆಯಾಗುವವರೆಗೆ ಮಾತಾಡಲಿಲ್ಲ. ಆಮೇಲೆ ಕತ್ತಿಯನ್ನು ಎತ್ತಿ, ಹಿಡಿಯನ್ನು ಹೆಬ್ಬೆರಳಿನಿಂದ ಸವರಿ, ಮರ ಯಾವುದು ಎಂದು ಕೇಳಿದರಂತೆ. ಬೀಟೆ ಎಂದಳು. ಎಲ್ಲಿಯದು ಎಂದರು. ಅಮ್ಮನ ಶಾಲೆಯ ಮಿಸ್ ಒಬ್ಬರ ತಾತನ ಕುರ್ಚಿ ಎಂದಳು. ಅವರು ಮುಷ್ಟಿ ಬಿಗಿದು ನೋಡಿದರು. ಹಿಡಿ ಅವರ ಕೈಗೆ ಸ್ವಲ್ಪ ಸಣ್ಣದಾಯಿತು. ಏನೂ ಹೇಳದೆ ಮತ್ತೆ ದೀಪದ ಮುಂದಿಟ್ಟರು. ಸಂಜೆ ಹೊರಡುವಾಗ ಮಗಳು ಅದನ್ನು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಅಲ್ಲೇ ಇರಲಿ ಎಂದು ಯಾರೂ ಅನ್ನಲಿಲ್ಲ. ತೆಗೆದುಕೋ ಎಂದೂ ಯಾರೂ ಅನ್ನಲಿಲ್ಲ.

ದಸರಾ ರಜೆಗೆ ಮುಂಚೆ ಭಾವನವರಿಂದ ಫೋನು ಬಂತು. ತಮ್ಮ ಪೀಚೆಕತ್ತಿಯ ಹಿಡಿಯೂ ಸಡಿಲವಾಗಿದೆ, ಆ ಆಚಾರ್ರ ನಂಬರು ಕೊಡಿ ಎಂದು. ಕೊಟ್ಟದ್ದಾಯಿತು. ಒಂದು ವಾರಕ್ಕೆ ಆಚಾರ್ರ ತಮ್ಮ ನನಗೆ ಹೇಳಿಕಳಿಸಿದರು: ಕೊಡಗಿನಿಂದ ಎರಡು ಕತ್ತಿ ಬಂದಿವೆ, ಟೀಚರಮ್ಮನ ಅಟ್ಟದಲ್ಲಿ ಕುರ್ಚಿಯ ಇನ್ನೊಂದು ಕೈ ಉಂಟಾ ಕೇಳಿ ಎಂದು.

ಇತ್ತು. ಭಾನುವಾರ ಇಳಿಸಿ, ಧೂಳು ಒರೆಸಿ ಕೊಂಡುಹೋಗಿ ಕೊಟ್ಟೆ.